ಕೊಕ್ಕರೆ ಬೆಳ್ಳೂರು

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಹಳ್ಳಿ. ಶಿಂಷಾ ನದಿಗೆ ಸಮೀಪದಲ್ಲಿದೆ. ಚಳಿಗಾಲದ ಹೊತ್ತಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಮನೆಯಂಗಳದ ಹುಣಸೆ, ಅರಳಿ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಮೀನಿಗೆ ನದಿ ಮತ್ತು ಸುತ್ತಲಿನ ಕೆರೆಗಳೇ ಆಸರೆ. ಕೆರೆ ಬತ್ತಿದ ವರ್ಷ ಮರಿಗಳ ಪಾಡು ಕರುಣಾಜನಕ. ಊರವರಿಗೆ ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರವಾದರೂ ಗೂಡಿರುವ ಮರದ ಹುಣಸೆ ಫಸಲನ್ನು ಮಾಲೀಕರು ಬಿಟ್ಟುಕೊಡಬೇಕು. ಅದಕ್ಕೆ ಅರಣ್ಯ ಇಲಾಖೆ ಪರಿಹಾರಧನ ಕೊಡುತ್ತದೆ. ಬೇಲಿ ಹಾಕಿದ ಪಕ್ಷಿಧಾಮಗಳಿಗಿಂತ ಈ ಊರು ದೊಡ್ಡದೆನಿಸುವುದು ಈ ತ್ಯಾಗದಿಂದಲೇ. 19ನೇ ಶತಮಾನದಲ್ಲಿ ಪಕ್ಷಿತಜ್ಞ ಟಿ.ಸಿ. ಜೆರ್ಡನ್ ಈ ಭಾಗದ ಹೆಜ್ಜಾರ್ಲೆಗಳನ್ನು ದಾಖಲಿಸಿದ್ದರು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರಿಂದ ಊರು ಹೊರಜಗತ್ತಿಗೆ ಪರಿಚಿತವಾಯಿತು. ಗಾಳಿಗೆ ಗೂಡಿನಿಂದ ಬಿದ್ದ ಮರಿಗಳನ್ನು ಸ್ಥಳೀಯ 'ಹೆಜ್ಜಾರ್ಲೆ ಬಳಗ' ಸಾಕಿ ಹಾರಿಬಿಡುತ್ತ ಬಂದಿದೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತ.