ಜೌಗುಮಣ್ಣು ಗುರುತಿಸುವಿಕೆಯ ತರಬೇತಿ (ಅಮೆರಿಕ ಸಂಯುಕ್ತ ಸಂಸ್ಥಾನ)

ಜೌಗುಮಣ್ಣು ಗುರುತಿಸುವಿಕೆಯ ತರಬೇತಿಯು ಮಣ್ಣುವಿಜ್ಞಾನಿಗಳಿಗೂ ಪರಿಸರ ಸಮೀಕ್ಷಕರಿಗೂ ನೀಡಲಾಗುವ ಒಂದು ವೃತ್ತಿಶಿಕ್ಷಣ. ಒಂದು ನೆಲವು ಜೌಗುಪ್ರದೇಶಕ್ಕೆ ಸೇರಿದೆಯೇ, ಸೇರಿದ್ದರೆ ಅದರ ಎಲ್ಲೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮಣ್ಣಿನ ಬಣ್ಣ, ಹದ, ವಾಸನೆ ಮತ್ತು ಪದರಗಳಿಂದ ನಿರ್ಣಯಿಸುವುದನ್ನು ಇದು ಕಲಿಸುತ್ತದೆ. ಅಮೆರಿಕದಲ್ಲಿ ಈ ಶಿಕ್ಷಣವು ಕಾನೂನಿನ ಅಗತ್ಯದಿಂದ ಬೆಳೆದು ಬಂದಿತು. ಅಲ್ಲಿ ಜೌಗುಪ್ರದೇಶವೆಂದು ಗುರುತಿಸಲ್ಪಟ್ಟ ನೆಲಕ್ಕೆ ಮಣ್ಣು ತುಂಬಲು ಹಲವು ಸಂದರ್ಭಗಳಲ್ಲಿ ಸರ್ಕಾರದ ಅನುಮತಿ ಬೇಕು. ಆದ್ದರಿಂದ ಮಣ್ಣುವಿಜ್ಞಾನಿ ನೆಲದಲ್ಲಿ ನೆಟ್ಟ ಬಾವುಟದ ಸಾಲು ಒಬ್ಬರ ಆಸ್ತಿಯ ಬೆಲೆಯನ್ನೂ ಒಂದು ಜೌಗಿನ ಅಳಿವು ಉಳಿವನ್ನೂ ನಿರ್ಧರಿಸಬಹುದು.

ನೀರು ನಿಂತಿರುವುದನ್ನು ನೋಡಲು ತರಬೇತಿಯೇಕೆ ಎಂಬ ಪ್ರಶ್ನೆ ಸಹಜವಾದುದು. ಅನೇಕ ಜೌಗುಗಳಲ್ಲಿ ವರ್ಷದ ಬಹುಭಾಗ ನೀರೇ ಕಾಣುವುದಿಲ್ಲ. ಸಮೀಕ್ಷೆ ನಡೆಯುವ ದಿನ ನೆಲ ಒಣಗಿರಬಹುದು, ಗಿಡಗಳನ್ನು ಉತ್ತು ತೆಗೆದಿರಬಹುದು. ಆಗಲೂ ನೀರು ಹಿಂದೆ ಎಷ್ಟು ಕಾಲ ನಿಂತಿತ್ತು ಎಂಬುದರ ಗುರುತು ಮಣ್ಣಿನಲ್ಲಿ ಉಳಿದಿರುತ್ತದೆ. ಆ ಗುರುತನ್ನು ಓದುವುದೇ ಈ ತರಬೇತಿಯ ತಿರುಳು.

ಹಿನ್ನೆಲೆ

ಅಮೆರಿಕದ ಮಣ್ಣು ಸಮೀಕ್ಷೆ 1899ರಲ್ಲಿ ಆರಂಭವಾಯಿತು. ಮೊದಲ ಹಲವು ದಶಕಗಳಲ್ಲಿ ಅದರ ಗುರಿ ಬೇಸಾಯ. ಜೌಗು ಎಂದರೆ ಕಾಲುವೆ ತೋಡಿ ಬಸಿದು ಸರಿಪಡಿಸಬೇಕಾದ ನೆಲ ಎಂಬುದೇ ಅಂದಿನ ಭಾವನೆ. 1972ರ ಶುದ್ಧ ಜಲ ಕಾಯಿದೆಯ 404ನೇ ವಿಧಿಯು ಈ ಸ್ಥಿತಿಯನ್ನು ಬದಲಿಸಿತು. ಕಾಯಿದೆಯ ವ್ಯಾಪ್ತಿಗೆ ಒಳಪಟ್ಟ ಜಲಪ್ರದೇಶಗಳಲ್ಲಿ ಹೂಳು ಅಥವಾ ಮಣ್ಣು ತುಂಬಲು ಸೇನೆಯ ಎಂಜಿನಿಯರ್ ದಳದ ಅನುಮತಿ ಅವಶ್ಯವಾಯಿತು. 1985ರ ಆಹಾರ ಭದ್ರತಾ ಕಾಯಿದೆಯು ಜೌಗನ್ನು ಬೇಸಾಯದ ಭೂಮಿಯಾಗಿ ಮಾರ್ಪಡಿಸಿದ ರೈತರಿಗೆ ಸರ್ಕಾರಿ ಸಹಾಯಧನವನ್ನು ತಡೆಹಿಡಿಯುವ ನಿಯಮವನ್ನು ಸೇರಿಸಿತು. ಈ ನಿಯಮ 'ಸ್ವಾಂಪ್‌ಬಸ್ಟರ್' ಎಂಬ ಅಡ್ಡಹೆಸರಿನಿಂದ ಪ್ರಸಿದ್ಧ.

ಕಾನೂನು ಬಂದ ಮೇಲೆ ಅಳತೆಗೋಲು ಬೇಕಾಯಿತು. ಎಂಜಿನಿಯರ್ ದಳವು 1987ರಲ್ಲಿ ಪ್ರಕಟಿಸಿದ ಕೈಪಿಡಿಯು ಮೂರು ಆಧಾರಗಳನ್ನು ಮುಂದಿಟ್ಟಿತು: ಜೌಗಿಗೆ ಹೊಂದಿಕೊಂಡ ಸಸ್ಯಗಳು, ಜೌಗುಮಣ್ಣು ಮತ್ತು ನೀರಿನ ಇರುವಿಕೆಯ ಕುರುಹು. ಸಾಮಾನ್ಯ ಸಂದರ್ಭಗಳಲ್ಲಿ ಮೂರೂ ಸಿಗಬೇಕು. 1989ರಲ್ಲಿ ನಾಲ್ಕು ಕೇಂದ್ರ ಸಂಸ್ಥೆಗಳು ಕೂಡಿ ಇನ್ನೊಂದು ಕೈಪಿಡಿಯನ್ನು ತಂದಾಗ, ಅದು ಜೌಗಿನ ವ್ಯಾಪ್ತಿಯನ್ನು ಮಿತಿಮೀರಿ ಹಿಗ್ಗಿಸುತ್ತದೆಂದು ಭೂಮಾಲೀಕರು ಪ್ರತಿಭಟಿಸಿದರು. ಕಾಂಗ್ರೆಸ್ಸಿನ ಮಧ್ಯಪ್ರವೇಶದಿಂದ ದಳವು 1987ರ ಕೈಪಿಡಿಗೇ ಮರಳಬೇಕಾಯಿತು. ಅದೇ ಇಂದಿಗೂ ಮೂಲಾಧಾರವಾಗಿದ್ದು, ಮುಂದೆ ದೇಶದ ಬೇರೆ ಬೇರೆ ಭಾಗಗಳಿಗಾಗಿ ಹತ್ತು ಪ್ರಾದೇಶಿಕ ಪೂರಕ ಸಂಪುಟಗಳು ಹೊರಬಂದವು. ಮಣ್ಣಿನ ವಿಷಯದಲ್ಲಿ ನಿರ್ಣಾಯಕವಾದ ಗ್ರಂಥವು ಕೃಷಿ ಇಲಾಖೆಯ ನೈಸರ್ಗಿಕ ಸಂಪನ್ಮೂಲ ಸಂರಕ್ಷಣಾ ಸೇವೆಯು ಪ್ರಕಟಿಸುವ ಜೌಗುಮಣ್ಣಿನ ಕ್ಷೇತ್ರ ಲಕ್ಷಣಗಳ ಕೈಪಿಡಿ. 1996ರಲ್ಲಿ ಮೊದಲು ಹೊರಬಂದ ಇದನ್ನು ಆಗಾಗ ಪರಿಷ್ಕರಿಸಲಾಗುತ್ತಿದೆ.

ಜೌಗುಮಣ್ಣು ಎಂದರೇನು

1994ರಲ್ಲಿ ಅಮೆರಿಕ ಸರ್ಕಾರವು ಅಂಗೀಕರಿಸಿದ ವ್ಯಾಖ್ಯೆಯ ತಾತ್ಪರ್ಯವಿಷ್ಟು: ಸಸ್ಯಗಳು ಬೆಳೆಯುವ ಋತುವಿನಲ್ಲಿ ನೀರು ತುಂಬಿ, ಹರಿದು ಅಥವಾ ನಿಂತು, ಮೇಲ್ಭಾಗದಲ್ಲಿ ಆಮ್ಲಜನಕವಿಲ್ಲದ ಸ್ಥಿತಿ ಉಂಟಾಗುವಷ್ಟು ದೀರ್ಘಕಾಲ ಹಾಗೆಯೇ ಉಳಿದಿದ್ದ ಪರಿಸ್ಥಿತಿಯಲ್ಲಿ ರೂಪುಗೊಂಡ ಮಣ್ಣೇ ಜೌಗುಮಣ್ಣು. ಇಲ್ಲಿ 'ರೂಪುಗೊಂಡ' ಎಂಬ ಪದ ಮುಖ್ಯ. ಕಾಲುವೆ ತೋಡಿ ಇಂದು ನೀರನ್ನು ಬಸಿದುಬಿಟ್ಟರೂ ಆ ಮಣ್ಣು ಜೌಗುಮಣ್ಣಾಗಿಯೇ ಉಳಿಯುತ್ತದೆ. ಆದರೆ ನೆಲ ಜೌಗುಪ್ರದೇಶವಾಗಿ ಉಳಿದಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಹೊಸಬರು ಮೊದಲು ಕಲಿಯಬೇಕಾದ ವ್ಯತ್ಯಾಸವಿದು.

ಇದರ ಹಿಂದಿರುವುದು ಸೂಕ್ಷ್ಮಜೀವಿಗಳ ಉಸಿರಾಟ. ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿದಾಗ ಒಳಗಿದ್ದ ಆಮ್ಲಜನಕ ಬೇಗನೆ ಮುಗಿದುಹೋಗುತ್ತದೆ. ಬಳಿಕ ಜೀವಾಣುಗಳು ಸಾವಯವ ಪದಾರ್ಥವನ್ನು ಕರಗಿಸಲು ನೈಟ್ರೇಟನ್ನು, ಅನಂತರ ಮ್ಯಾಂಗನೀಸನ್ನು, ಆಮೇಲೆ ಕಬ್ಬಿಣವನ್ನು, ತರುವಾಯ ಸಲ್ಫೇಟನ್ನು ಆಶ್ರಯಿಸುತ್ತವೆ. ಕೊನೆಯ ಹಂತದಲ್ಲಿ ಮೀಥೇನ್ ಅನಿಲ ಹುಟ್ಟುತ್ತದೆ. ಈ ಸರಣಿಯಲ್ಲಿ ಕಣ್ಣಿಗೆ ಹೆಚ್ಚು ನೆರವಾಗುವುದು ಕಬ್ಬಿಣ. ಗಾಳಿಯಾಡುವ ಮಣ್ಣಿನಲ್ಲಿ ಅದು ತುಕ್ಕಿನ ರೂಪದಲ್ಲಿ ಕಣಗಳಿಗೆ ಲೇಪಗೊಂಡು ಕೆಂಪು, ಕಂದು, ಹಳದಿ ಬಣ್ಣಗಳನ್ನು ಕೊಡುತ್ತದೆ. ಆಮ್ಲಜನಕವಿಲ್ಲದಾಗ ಕರಗಿ ನೀರಿನೊಡನೆ ಸರಿದುಹೋಗುತ್ತದೆ. ಲೇಪ ಕಳಚಿದ ಕಣಗಳು ಬೂದುಬಣ್ಣಕ್ಕೆ ತಿರುಗುತ್ತವೆ. ಕರಗಿದ ಕಬ್ಬಿಣವು ಗಾಳಿ ಸಿಗುವ ಬಿರುಕುಗಳಲ್ಲಿ, ಬೇರಿನ ಸುತ್ತಲಲ್ಲಿ ಮತ್ತೆ ತುಕ್ಕಾಗಿ ಕೂರುತ್ತದೆ. ಬೂದು ಹಿನ್ನೆಲೆಯ ಮೇಲಿನ ಈ ಕಿತ್ತಳೆ ಚುಕ್ಕೆಗಳೇ ಸಮೀಕ್ಷಕರು ಹುಡುಕುವ ಅಕ್ಷರಗಳು. ಸಲ್ಫೇಟಿನ ಹಂತ ತಲುಪಿದ ಮಣ್ಣನ್ನು ಅಗೆದ ಕೂಡಲೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಆ ವಾಸನೆಯೂ ಅಧಿಕೃತ ಲಕ್ಷಣಗಳಲ್ಲಿ ಒಂದು.

ತರಬೇತಿಯ ಕ್ರಮ

ಬುನಾದಿ ವಿಶ್ವವಿದ್ಯಾಲಯದಲ್ಲಿ ಬೀಳುತ್ತದೆ. ಮಣ್ಣಿನ ಉತ್ಪತ್ತಿ, ರಸಾಯನ, ಭೌತಗುಣ, ವರ್ಗೀಕರಣಗಳು ಪಠ್ಯ ವಿಷಯಗಳು. ಕೇಂದ್ರ ಸರ್ಕಾರದ ಮಣ್ಣುವಿಜ್ಞಾನಿ ಹುದ್ದೆಗೆ ಪದವಿಯೊಡನೆ ನಿಸರ್ಗವಿಜ್ಞಾನಗಳಲ್ಲಿ ಕನಿಷ್ಠ 30 ಸೆಮಿಸ್ಟರ್ ಗಂಟೆಗಳ ವ್ಯಾಸಂಗವನ್ನೂ, ಅದರಲ್ಲಿ 15 ಗಂಟೆಗಳಷ್ಟು ಮಣ್ಣುಸಂಬಂಧಿ ವಿಷಯಗಳನ್ನೂ ಕೇಳಲಾಗುತ್ತದೆ. ತರಗತಿಯ ಆಚೆಗೆ, ಕಾಲೇಜುಗಳ ನಡುವಿನ ಮಣ್ಣು ಪರೀಕ್ಷಾ ಸ್ಪರ್ಧೆಗಳು ಬಹಳ ಉಪಯುಕ್ತವಾದ ಪರಂಪರೆ. ವಿದ್ಯಾರ್ಥಿಗಳು ಆಳೆತ್ತರದ ಗುಂಡಿಗಿಳಿದು ಪದರಗಳನ್ನು ವಿಂಗಡಿಸಿ, ನಿಗದಿತ ಸಮಯದೊಳಗೆ ವರ್ಣಿಸಬೇಕು. ಅನುಭವಿಗಳು ಮೊದಲೇ ಮಾಡಿಟ್ಟ ವರ್ಣನೆಯೊಡನೆ ಹೋಲಿಸಿ ಅಂಕ ನೀಡಲಾಗುತ್ತದೆ. 2014ರಲ್ಲಿ ದಕ್ಷಿಣ ಕೊರಿಯಾದಲ್ಲಿ ವಿಶ್ವ ಮಣ್ಣುವಿಜ್ಞಾನ ಸಮ್ಮೇಳನದ ಜೊತೆಗೆ ಮೊದಲ ಅಂತರರಾಷ್ಟ್ರೀಯ ಸ್ಪರ್ಧೆಯೂ ನಡೆಯಿತು.

ಜೌಗುಮಣ್ಣಿಗೇ ಮೀಸಲಾದ ಶಿಕ್ಷಣವು ಸಾಮಾನ್ಯವಾಗಿ ಕೆಲವು ದಿನಗಳ ಅಲ್ಪಾವಧಿ ಶಿಬಿರಗಳ ರೂಪದಲ್ಲಿರುತ್ತದೆ. ಅರ್ಧ ದಿನ ಉಪನ್ಯಾಸ, ಉಳಿದ ವೇಳೆ ಬಯಲಿನಲ್ಲಿ. ಸಲಿಕೆ, ಮಣ್ಣುಬೈರಿಗೆ, ಅಳತೆಪಟ್ಟಿ, ನೀರಿನ ಸಿಂಪಡಿಕೆ ಮತ್ತು ಬಣ್ಣದ ಪುಸ್ತಕ ಇವಿಷ್ಟೇ ಉಪಕರಣಗಳು. ಎತ್ತರದ ಒಣನೆಲದಿಂದ ತಗ್ಗಿನ ಜೌಗಿನವರೆಗೆ ಒಂದು ಗೆರೆಯುದ್ದಕ್ಕೂ ಸುಮಾರು 50 ಸೆಂಟಿಮೀಟರ್ ಆಳದ ಗುಂಡಿಗಳನ್ನು ತೆಗೆಯುತ್ತ ಹೋಗಿ, ಲಕ್ಷಣಗಳು ಎಲ್ಲಿ ಕಾಣಿಸಿಕೊಳ್ಳುತ್ತವೆ, ಎಲ್ಲಿ ಮರೆಯಾಗುತ್ತವೆ ಎಂಬುದನ್ನು ದಾಖಲಿಸುವುದು ಅಭ್ಯಾಸದ ಕ್ರಮ.

ಬಣ್ಣದ ಪುಸ್ತಕವೆಂದರೆ ಮನ್ಸೆಲ್ ಪಟ್ಟಿ. ಅಮೆರಿಕದ ಚಿತ್ರಕಾರ ಆಲ್ಬರ್ಟ್ ಮನ್ಸೆಲ್ ರೂಪಿಸಿದ ಈ ಪದ್ಧತಿಯಲ್ಲಿ ಪ್ರತಿ ಬಣ್ಣಕ್ಕೂ ಮೂರು ಅಳತೆಗಳಿವೆ: ವರ್ಣ, ತಿಳಿತನ ಮತ್ತು ಗಾಢತೆ. ಒದ್ದೆ ಮಾಡಿದ ಮಣ್ಣಿನ ಹೆಂಟೆಯನ್ನು ಮುರಿದು, ಸೂರ್ಯನ ನೇರ ಬೆಳಕಿನಲ್ಲಿ, ತಂಪು ಕನ್ನಡಕ ಧರಿಸದೆ, ಪಟ್ಟಿಯ ಚೌಕಗಳ ಪಕ್ಕದಲ್ಲಿಟ್ಟು ಹೋಲಿಸಬೇಕು. ಕೇಳಲು ಸುಲಭ, ಆದರೆ ಒಂದೇ ಒಂದು ಚೌಕದ ಅಂತರದಲ್ಲಿ ತೀರ್ಮಾನ ಬದಲಾಗುತ್ತದೆ. ಉದಾಹರಣೆಗೆ, ಜೇಡಿ ಮತ್ತು ಗೋಡು ಮಣ್ಣುಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ 'ಕಬ್ಬಿಣ ಕಳೆದ ಹಿನ್ನೆಲೆ' ಎಂಬ ಲಕ್ಷಣವನ್ನು ನೋಡಬಹುದು. ತಿಳಿತನ 5, ಗಾಢತೆ 1 ಇದ್ದರೆ ತುಕ್ಕಿನ ಚುಕ್ಕೆಗಳಿಲ್ಲದಿದ್ದರೂ ಆ ಮಣ್ಣು ಬಣ್ಣದ ಷರತ್ತನ್ನು ಪೂರೈಸುತ್ತದೆ. ತಿಳಿತನ 4, ಗಾಢತೆ 2 ಇದ್ದರೆ ಎದ್ದು ಕಾಣುವ ಚುಕ್ಕೆಗಳು ಕನಿಷ್ಠ ಶೇಕಡ 2ರಷ್ಟು ಇರಲೇಬೇಕು. ಗಾಢತೆ 3ಕ್ಕೇರಿದರೆ ಈ ಲಕ್ಷಣವೇ ಅನ್ವಯಿಸದು. ಬಣ್ಣದ ಜೊತೆಗೆ ಆಳವೂ ದಪ್ಪವೂ ಸೇರಬೇಕು. ಆ ಪದರವು ಮೇಲಿನ 25 ಸೆಂಟಿಮೀಟರಿನೊಳಗೆ ಆರಂಭವಾಗಿ 15 ಸೆಂಟಿಮೀಟರ್ ದಪ್ಪವಿರಬೇಕೆಂಬುದು ಸಾಮಾನ್ಯ ಷರತ್ತು. ಇಂಥ ಅಂಕಿಗಳನ್ನು ಕಂಠಪಾಠ ಮಾಡುವುದಕ್ಕಿಂತ ಹತ್ತಾರು ಗುಂಡಿಗಳಲ್ಲಿ ಕಣ್ಣನ್ನು ಪಳಗಿಸುವುದೇ ಹೆಚ್ಚು ಫಲಕಾರಿ. ಆದ್ದರಿಂದ ಉತ್ತಮ ಶಿಬಿರಗಳಲ್ಲಿ ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಬಣ್ಣ ಬರೆದುಕೊಂಡ ಬಳಿಕವೇ ಚರ್ಚೆ ನಡೆಯುತ್ತದೆ.

ಹದವನ್ನು ಕೈಬೆರಳುಗಳೇ ಹೇಳಬೇಕು. ತೇವದ ಮಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಪಟ್ಟಿಯಂತೆ ಚಾಚಿಸಿದಾಗ ಅದು ಎಷ್ಟು ಉದ್ದಕ್ಕೆ ತುಂಡಾಗದೆ ನಿಲ್ಲುತ್ತದೆ ಎಂಬುದರಿಂದ ಜೇಡಿಯ ಪ್ರಮಾಣವನ್ನು ಅಂದಾಜಿಸಲಾಗುತ್ತದೆ. ಕೈಪಿಡಿಯು ಮರಳು ಮಣ್ಣುಗಳಿಗೂ ಜೇಡಿ-ಗೋಡು ಮಣ್ಣುಗಳಿಗೂ ಬೇರೆ ಬೇರೆ ಲಕ್ಷಣಗಳನ್ನು ಕೊಟ್ಟಿರುವುದರಿಂದ, ಹದದಲ್ಲಿ ಎಡವಿದವರು ತಪ್ಪು ಪುಟವನ್ನೇ ತೆರೆಯುತ್ತಾರೆ.

ಸಂಶಯ ಬಂದಲ್ಲಿ ಎರಡು ಪರೀಕ್ಷೆಗಳಿವೆ. ಆಲ್ಫಾ-ಆಲ್ಫಾ ಡೈಪಿರಿಡಿಲ್ ಎಂಬ ದ್ರಾವಣವನ್ನು ಹೊಸದಾಗಿ ಮುರಿದ ಮಣ್ಣಿನ ಮೇಲೆ ತೊಟ್ಟಿಕ್ಕಿಸಿದರೆ, ಕರಗಿದ ಸ್ಥಿತಿಯ ಕಬ್ಬಿಣವಿದ್ದಲ್ಲಿ ಗುಲಾಬಿ-ಕೆಂಪು ಬಣ್ಣ ಮೂಡುತ್ತದೆ. ಇನ್ನೊಂದು, ಕಬ್ಬಿಣದ ತುಕ್ಕನ್ನು ಬಣ್ಣದಂತೆ ಬಳಿದ ಪ್ಲಾಸ್ಟಿಕ್ ಕೊಳವೆಗಳನ್ನು ನೆಲದಲ್ಲಿ ಕೆಲವು ವಾರ ಹೂಳಿಡುವುದು. ಆಮ್ಲಜನಕವಿಲ್ಲದ ಆಳದಲ್ಲಿ ಜೀವಾಣುಗಳು ಆ ಬಣ್ಣವನ್ನು ಕರಗಿಸಿರುತ್ತವೆ. ಕೊಳವೆಯನ್ನು ಹೊರತೆಗೆದಾಗ ಬೋಳಾದ ಭಾಗವೇ ಪುರಾವೆ. ಈ ಎರಡೂ ಇಂದಿನ ಸ್ಥಿತಿಯನ್ನು ತೋರಿಸುತ್ತವೆಯೇ ಹೊರತು ಹಿಂದಿನದನ್ನಲ್ಲ.

ತೊಡಕಿನ ಮಣ್ಣುಗಳು

ತರಬೇತಿಯ ಬೆಲೆ ತಿಳಿಯುವುದು ಲಕ್ಷಣಗಳು ಸುಳ್ಳು ಹೇಳುವ ಕಡೆ. ಕೆಲವು ಕೆಂಪು ಶಿಲೆಗಳಿಂದಾದ ಮಣ್ಣುಗಳಲ್ಲಿ ಕಬ್ಬಿಣವು ಸುಲಭವಾಗಿ ಕರಗದೆ, ವರ್ಷವರ್ಷವೂ ನೀರು ನಿಂತರೂ ಬಣ್ಣ ಕೆಂಪಾಗಿಯೇ ಉಳಿಯುತ್ತದೆ. ಹುಲ್ಲುಗಾವಲು ಪ್ರದೇಶಗಳ ಕಪ್ಪುಮಣ್ಣಿನಲ್ಲಿ ಸಾವಯವ ಪದಾರ್ಥದ ಕಪ್ಪು ಉಳಿದೆಲ್ಲ ಬಣ್ಣಗಳನ್ನು ಮುಚ್ಚುತ್ತದೆ. ನದಿ ಈಚೆಗೆ ತಂದು ಹಾಕಿದ ಎಳೆಯ ಮೆಕ್ಕಲಿನಲ್ಲಿ ಲಕ್ಷಣ ಮೂಡಲು ಕಾಲವೇ ಸಿಕ್ಕಿರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಬಹಳ ಹಿಂದೆ ನೀರು ಬಸಿದುಹೋದ ನೆಲದಲ್ಲಿ ಹಳೆಯ ಚುಕ್ಕೆಗಳು ಹಾಗೆಯೇ ಉಳಿದಿರುತ್ತವೆ. ಚುಕ್ಕೆಯ ಅಂಚು ಸುತ್ತಲಿನ ಮಣ್ಣಿನೊಳಕ್ಕೆ ಮೆಲ್ಲಗೆ ಬೆರೆತಿದ್ದರೆ ಅದು ಈಗಲೂ ನಡೆಯುತ್ತಿರುವ ಕ್ರಿಯೆಯೆಂದೂ, ಅಂಚು ಕತ್ತರಿಸಿದಂತೆ ಚೂಪಾಗಿದ್ದರೆ ಹಳೆಯ ಅವಶೇಷವಿರಬಹುದೆಂದೂ ಕಲಿಸಲಾಗುತ್ತದೆ. ಇದು ಸೂಚನೆಯಷ್ಟೇ, ಸಿದ್ಧಾಂತವಲ್ಲ.

ಮುದ್ರಿತ ಮಣ್ಣಿನ ನಕ್ಷೆಗಳೂ ಜೌಗುಮಣ್ಣುಗಳ ಪಟ್ಟಿಗಳೂ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಆದರೆ ನಕ್ಷೆಯ ಒಂದು ಘಟಕದೊಳಗೆ ಬೇರೆ ಮಣ್ಣಿನ ಸಣ್ಣ ತುಣುಕುಗಳು ಸೇರಿಕೊಂಡಿರುವುದು ಸಾಮಾನ್ಯ. ನಕ್ಷೆಯನ್ನು ನಂಬಿ ಗುಂಡಿ ತೆಗೆಯದೆ ಎಲ್ಲೆ ಗುರುತಿಸುವುದು ಸಮ್ಮತವಲ್ಲ.

ಅರ್ಹತಾಪತ್ರ

ಜೌಗಿನ ಎಲ್ಲೆ ಗುರುತಿಸುವವರಿಗೆ ಅಮೆರಿಕದಲ್ಲಿ ರಾಷ್ಟ್ರಮಟ್ಟದ ಕಡ್ಡಾಯ ಪರವಾನಗಿ ಇಲ್ಲ. ಅಮೆರಿಕದ ಮಣ್ಣುವಿಜ್ಞಾನ ಸಂಘವು ಪರೀಕ್ಷೆ ಮತ್ತು ಅನುಭವದ ಆಧಾರದ ಮೇಲೆ ವೃತ್ತಿಪರ ಮಣ್ಣುವಿಜ್ಞಾನಿ ಪ್ರಮಾಣಪತ್ರವನ್ನೂ, ಜೌಗುವಿಜ್ಞಾನಿಗಳ ಸಂಘದ ಕಾರ್ಯಕ್ರಮವು ವೃತ್ತಿಪರ ಜೌಗುವಿಜ್ಞಾನಿ ಎಂಬ ಮನ್ನಣೆಯನ್ನೂ ನೀಡುತ್ತವೆ. ನಾರ್ತ್ ಕ್ಯಾರೊಲೈನಾ ಮಣ್ಣುವಿಜ್ಞಾನಿಗಳಿಗೆ ರಾಜ್ಯ ಪರವಾನಗಿ ನೀಡುತ್ತದೆ. ನ್ಯೂ ಹ್ಯಾಂಪ್‌ಶೈರ್, ವರ್ಜೀನಿಯಾ ರಾಜ್ಯಗಳು ಜೌಗು ಗುರುತಿಸುವವರಿಗೇ ಪ್ರತ್ಯೇಕ ಪ್ರಮಾಣಪತ್ರಗಳನ್ನು ಇಟ್ಟಿವೆ.

2023ರ ತೀರ್ಪಿನ ನಂತರ

ಐಡಾಹೋ ರಾಜ್ಯದ ಪ್ರೀಸ್ಟ್ ಸರೋವರದ ಬಳಿ ಮನೆ ಕಟ್ಟಲು ನಿವೇಶನಕ್ಕೆ ಜಲ್ಲಿ, ಮರಳು ತುಂಬಿದ ಸ್ಯಾಕೆಟ್ ದಂಪತಿಗಳಿಗೂ ಪರಿಸರ ಸಂರಕ್ಷಣಾ ಸಂಸ್ಥೆಗೂ ನಡೆದ ದೀರ್ಘ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಮೇ 25ರಂದು ತೀರ್ಪಿತ್ತಿತು. ಕೇಂದ್ರ ಕಾಯಿದೆಯ ರಕ್ಷಣೆಗೆ ಒಳಪಡಬೇಕಾದರೆ ಜೌಗು ಪ್ರದೇಶವು ನದಿ, ಸರೋವರದಂಥ ಜಲರಾಶಿಯೊಡನೆ ಮೇಲ್ಮೈಯಲ್ಲಿ ಅವಿಚ್ಛಿನ್ನ ಸಂಪರ್ಕ ಹೊಂದಿರಬೇಕೆಂದು ಅದು ಹೇಳಿತು. ಇದರಿಂದ ಪ್ರತ್ಯೇಕವಾಗಿರುವ ಅನೇಕ ಜೌಗುಗಳು ಈ ಕಾಯಿದೆಯ ಹೊರಗುಳಿದವು. ಮಣ್ಣಿನ ಲಕ್ಷಣಗಳು ಬದಲಾಗಿಲ್ಲ. ಜೌಗು ಹೌದೋ ಅಲ್ಲವೋ ಎಂಬುದನ್ನು ಮಣ್ಣು ಇಂದಿಗೂ ಹೇಳುತ್ತದೆ, ಅದಕ್ಕೆ ರಕ್ಷಣೆಯಿದೆಯೇ ಎಂಬುದನ್ನು ಮಾತ್ರ ಅದೊಂದರಿಂದಲೇ ಹೇಳಲಾಗದು. ಸ್ವಂತ ಕಾನೂನುಗಳಿರುವ ರಾಜ್ಯಗಳಲ್ಲಿ ಗುರುತಿಸುವಿಕೆಯ ಮಹತ್ವ ಹಾಗೆಯೇ ಉಳಿದಿದೆ.

ಭಾರತದ ಸಂದರ್ಭ

ಭಾರತದ 2017ರ ಜೌಗುಪ್ರದೇಶ ನಿಯಮಗಳು ರಾಮ್ಸಾರ್ ಒಪ್ಪಂದದ ವ್ಯಾಖ್ಯೆಯನ್ನು ಅನುಸರಿಸುತ್ತವೆ; ಅದರಲ್ಲಿ ಮಣ್ಣಿನ ಪರೀಕ್ಷೆ ಕಡ್ಡಾಯವಲ್ಲ. ಭತ್ತದ ಗದ್ದೆಗಳನ್ನೂ, ನೀರಾವರಿಗೆಂದೇ ನಿರ್ಮಿಸಿದ ಜಲಾಶಯಗಳನ್ನೂ ಆ ವ್ಯಾಖ್ಯೆಯಿಂದ ಹೊರಗಿಡಲಾಗಿದೆ. ಕರ್ನಾಟಕದ ಬಹುಪಾಲು ಕೆರೆಗಳು ನೀರಾವರಿಗಾಗಿ ಕಟ್ಟಿದವು. ಅವುಗಳ ಎಲ್ಲೆಯ ತಕರಾರು ಬಂದಾಗ ಸಾಮಾನ್ಯವಾಗಿ ನೋಡುವುದು ಗ್ರಾಮನಕ್ಷೆ ಮತ್ತು ಸರ್ವೆ ದಾಖಲೆಗಳನ್ನು, ಗುಂಡಿಯೊಳಗಿನ ಬಣ್ಣವನ್ನಲ್ಲ.

ಹಾಗೆಂದು ಈ ವಿದ್ಯೆ ಇಲ್ಲಿಗೆ ಅಪರಿಚಿತವಲ್ಲ. ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ, ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರವಿರುವ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯು ಅಮೆರಿಕದ ವರ್ಗೀಕರಣ ಪದ್ಧತಿಯನ್ನೂ ಮನ್ಸೆಲ್ ಪಟ್ಟಿಯನ್ನೂ ಬಳಸುತ್ತದೆ. ಭತ್ತದ ಪೈರನ್ನು ಕಿತ್ತಾಗ ಬೇರಿನ ಮೇಲೆ ಕಾಣುವ ತುಕ್ಕಿನ ಲೇಪವು ಮೇಲೆ ವಿವರಿಸಿದ ಕ್ರಿಯೆಯ ಫಲವೇ. ಉತ್ತರ ಕನ್ನಡದ ಕತ್ತಲೆಕಾನಿನಂಥ ಕಡೆಗಳ ರಾಮಪತ್ರೆ ಜಡ್ಡಿಗಳಲ್ಲಿ, ಅಘನಾಶಿನಿ ಅಳಿವೆಯ ಗಜನಿ ಭೂಮಿಗಳಲ್ಲಿ ಜೌಗುಮಣ್ಣಿನ ಅಧ್ಯಯನಕ್ಕೆ ವಿಪುಲ ಅವಕಾಶವಿದೆ. ಆದರೆ ಅಮೆರಿಕದ ಲಕ್ಷಣಪಟ್ಟಿಯನ್ನು ಹಾಗೆಯೇ ಇಲ್ಲಿಗೆ ತಂದು ಅನ್ವಯಿಸಲಾಗದು. ಕರಾವಳಿಯ ಜಂಬಿಟ್ಟಿಗೆ ನೆಲದ ಕೆಳಪದರಗಳಲ್ಲಿ ಕೆಂಪು-ಬಿಳಿ ಮಚ್ಚೆಗಳು ಸಾಮಾನ್ಯವಾಗಿದ್ದು, ಅವು ಬಹು ದೀರ್ಘಕಾಲದ ಶಿಥಿಲೀಕರಣದಲ್ಲಿ ಉಂಟಾದವು. ಮೇಲಿನ ನೆಲ ಇಂದು ಜೌಗಾಗಿದೆ ಎಂಬುದಕ್ಕೆ ಅವು ಪುರಾವೆಯಾಗುವುದಿಲ್ಲ. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿಯೂ ಕಪ್ಪುಬಣ್ಣ ಕಬ್ಬಿಣದ ಗುರುತುಗಳನ್ನು ಮರೆಮಾಡುತ್ತದೆ.