ಪಂದ್ಯಚಿತ್ರ ವಿಶ್ಲೇಷಣೆ, ಅಮೆರಿಕನ್ ಕಾಲೇಜು ಫುಟ್‌ಬಾಲ್

ಒಂದು ತಂಡದ ಆಕ್ರಮಣದ ಆಟವನ್ನು ಪಂದ್ಯದ ವಿಡಿಯೊದಿಂದ ಬಿಡಿಸಿ ಅರಿಯುವ ಕ್ರಮ. ಟಿವಿ ಪ್ರಸಾರ ಚೆಂಡನ್ನೇ ಹಿಂಬಾಲಿಸುವುದರಿಂದ ತರಬೇತುದಾರರಿಗೆ ಅದು ಸಾಲದು. ಮೈದಾನದ ಪಕ್ಕದ ಎತ್ತರದಿಂದ ತೆಗೆದ ಚಿತ್ರದಲ್ಲಿ 22 ಆಟಗಾರರೂ ಕಾಣುತ್ತಾರೆ; ಎಂಡ್ ಝೋನ್ ಹಿಂದಿನ ಕ್ಯಾಮೆರಾ ಲೈನ್‌ಮನ್‌ಗಳ ಹೆಜ್ಜೆಗಳನ್ನು ತೋರಿಸುತ್ತದೆ.

ಎಷ್ಟನೆಯ ಡೌನ್ (ಪ್ರಯತ್ನ), ಇನ್ನೆಷ್ಟು ಗಜ ಬೇಕು, ಕಣದಲ್ಲಿ ಯಾರಿದ್ದಾರೆ ಎಂಬುದನ್ನು ಪ್ರತಿ ಆಟಕ್ಕೂ ದಾಖಲಿಸಲಾಗುತ್ತದೆ. ಕಣದಲ್ಲಿರುವವರನ್ನು ಅಂಕಿಗಳ ಸಂಕೇತದಲ್ಲಿ ಬರೆಯುತ್ತಾರೆ: ‘11’ ಎಂದರೆ ಒಬ್ಬ ರನ್ನಿಂಗ್ ಬ್ಯಾಕ್, ಒಬ್ಬ ಟೈಟ್ ಎಂಡ್. ‘12’ರಲ್ಲಿ ಟೈಟ್ ಎಂಡ್ ಇಬ್ಬರು. ಮೈದಾನದ ಉದ್ದಕ್ಕೂ ಇರುವ ಎರಡು ಹ್ಯಾಶ್ ಗುರುತಿನ ಸಾಲುಗಳಲ್ಲಿ ಚೆಂಡು ಯಾವುದರಲ್ಲಿದೆ ಎಂಬುದಕ್ಕೆ ಕಾಲೇಜು ಆಟದಲ್ಲಿ ವಿಶೇಷ ತೂಕ. ಇಲ್ಲಿ ಹ್ಯಾಶ್ ಸಾಲುಗಳ ಅಂತರ 40 ಅಡಿ, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಕೇವಲ 18 ಅಡಿ 6 ಅಂಗುಲ. ಹೀಗಾಗಿ ಒಂದು ಬದಿ ತೀರ ಅಗಲವಾಗಿ, ಇನ್ನೊಂದು ಇಕ್ಕಟ್ಟಾಗಿ ಉಳಿಯುತ್ತದೆ. ತಂಡಗಳ ಒಲವು ಬಯಲಾಗುವುದು ಹೆಚ್ಚಾಗಿ ಇಲ್ಲಿಯೇ.

ಅತ್ಯಂತ ತೊಡಕಿನದು ರನ್-ಪಾಸ್ ಆಪ್ಷನ್. ಲೈನ್‌ಮನ್‌ಗಳು ಓಟಕ್ಕೆಂದೇ ತಡೆಯೊಡ್ಡುತ್ತಿರುವಾಗ ಕ್ವಾರ್ಟರ್‌ಬ್ಯಾಕ್ ಒಬ್ಬ ರಕ್ಷಕನ ಚಲನೆಯನ್ನು ನೋಡಿ ಚೆಂಡನ್ನು ಓಟಗಾರನಿಗೆ ಕೊಡಬಹುದು, ಇಲ್ಲವೇ ಎಸೆಯಬಹುದು. ಪಾಸಿನ ವೇಳೆ ಲೈನ್‌ಮನ್‌ಗಳು 3 ಗಜದವರೆಗೆ ಮುನ್ನುಗ್ಗಲು ಕಾಲೇಜು ನಿಯಮದಲ್ಲಿ ಅವಕಾಶವಿದೆ. ಎನ್‌ಎಫ್‌ಎಲ್‌ನಲ್ಲಿ 1 ಗಜ ಮಾತ್ರ. ಫಲಿತಾಂಶ ನೋಡಿ ಇದನ್ನು ‘ಪಾಸ್’ ಎಂದು ಬರೆದುಕೊಂಡರೆ ಇಡೀ ಲೆಕ್ಕ ತಪ್ಪುತ್ತದೆ. ಚಿತ್ರವನ್ನು ನಿಲ್ಲಿಸಿ, ಕ್ವಾರ್ಟರ್‌ಬ್ಯಾಕ್ ಗಮನಿಸಿದ ರಕ್ಷಕನನ್ನು ಗುರುತಿಸಬೇಕು.

ಋತುವಿನ ನಿಯಮಿತ ಪಂದ್ಯಗಳು ಸಾಮಾನ್ಯವಾಗಿ 12 ಮಾತ್ರ. ಆದ್ದರಿಂದ ಅಪರೂಪದ ಸನ್ನಿವೇಶಗಳ ಶೇಕಡಾವಾರು ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ. ತಂಡಗಳು ಸ್ವಂತ ಆಟವನ್ನೂ ಇದೇ ರೀತಿ ಪರೀಕ್ಷಿಸಿ, ಎದ್ದು ಕಾಣುವ ರೂಢಿಗಳನ್ನು ಬದಲಿಸುತ್ತವೆ.