ಉಲ್ಕೆ: ಕೊಳ್ಳಿ ಕಲ್ಲಾದ ಬಗೆ

ಸಂಸ್ಕೃತದಲ್ಲಿ ಉಲ್ಕೆ ಎಂದರೆ ಉರಿಯುವ ಕೊಳ್ಳಿಯೂ ಹೌದು, ಆಕಾಶದಿಂದ ಬೀಳುವ ಬೆಂಕಿಯೂ ಹೌದು. ಋಗ್ವೇದದಲ್ಲೇ ಈ ಪದ ಸಿಗುತ್ತದೆ. ದೀಪಾವಳಿಯಲ್ಲಿ ಪಿತೃಗಳಿಗೆ ದಾರಿ ತೋರಿಸಲು ಕೊಳ್ಳಿ ಹಿಡಿಯುವುದನ್ನು ಧರ್ಮಶಾಸ್ತ್ರಗಳು ಉಲ್ಕಾದಾನ ಎಂದವು. ಬಾಯಲ್ಲಿ ಬೆಂಕಿಯುಳ್ಳ ಪ್ರೇತ ಉಲ್ಕಾಮುಖ. ನಮ್ಮ ಕೊಳ್ಳಿದೆವ್ವದ ನೆಂಟ ಎನ್ನಬಹುದು.

6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಉಲ್ಕೆಗೆಂದೇ ಒಂದು ಅಧ್ಯಾಯ ಮೀಸಲಿಟ್ಟ. ಸ್ವರ್ಗದಲ್ಲಿ ಪುಣ್ಯಫಲ ಉಂಡು ಮುಗಿಸಿ ಕೆಳಗೆ ಬೀಳುವವರ ರೂಪವೇ ಉಲ್ಕೆ ಎನ್ನುತ್ತಾನೆ. ಅದರಲ್ಲಿ ಐದು ಬಗೆ: ಧಿಷ್ಣ್ಯ, ಉಲ್ಕೆ, ಅಶನಿ, ವಿದ್ಯುತ್, ತಾರೆ. ಭಾರಿ ಸದ್ದಿನೊಡನೆ ಸುತ್ತುತ್ತ ಬಂದು ಮನುಷ್ಯರು, ಆನೆ, ಮನೆ, ಮರಗಳ ಮೇಲೆರಗಿ ನೆಲ ಸೀಳುವುದು ಅಶನಿ. ಕಲ್ಲು ಬೀಳುವುದಕ್ಕೆ ತೀರ ಹತ್ತಿರದ ವರ್ಣನೆ ಇದೇ. ಆದರೆ ಅಶನಿ ಸಿಡಿಲಿನ ಪಾಲಾಯಿತು. ಹಾಗಾಗಿ ಕನ್ನಡದ ವಿಜ್ಞಾನ ಬರಹ ಉಲ್ಕೆಗೇ ಶಿಲೆ ಸೇರಿಸಿತು. ಮೇಲೆ ಕಾಣುವ ಬೆಳಕು ಉಲ್ಕೆ, ಕೆಳಗೆ ಬಿದ್ದು ಕೈಗೆ ಸಿಕ್ಕಿದ್ದು ಉಲ್ಕಾಶಿಲೆ. ಇವೆರಡನ್ನೂ ಒಂದೇ ಎಂಬಂತೆ ಬರೆದದ್ದು ಕಂಡರೆ ನನಗೆ ಸಂಕಟವಾಗುತ್ತದೆ.

ಯಾಕೆಂದರೆ ಆ ಕಲ್ಲು ಕೊಳ್ಳಿಯಲ್ಲ. ಸೆಕೆಂಡಿಗೆ 11 ಕಿ.ಮೀ.ಗೂ ಮಿಕ್ಕ ವೇಗದಲ್ಲಿ ನುಗ್ಗುವಾಗ ಎದುರಿನ ಗಾಳಿ ಒತ್ತಿಕೊಂಡು ಕಾದು ಬೆಳಗುತ್ತದೆ. ಕಲ್ಲಿನ ಹೊರಮೈ ಕರಗಿ ಹಾರಿಹೋಗುತ್ತದೆ. ಉಳಿದದ್ದರ ಮೇಲೆ ಬರೀ ಒಂದು ತೆಳು ಕಪ್ಪು ಸಿಪ್ಪೆ. ಒಳಕ್ಕೆ ಬಿಸಿ ತಟ್ಟಿರುವುದೇ ಇಲ್ಲ. ಹೆಚ್ಚಿನ ಕಲ್ಲುಗಳನ್ನು ಕೊಯ್ದರೆ ಬೂದು ಮೈಯಲ್ಲಿ ಸಾಸಿವೆಗಾತ್ರದ ಗುಂಡುಗಳು, ನಡುನಡುವೆ ಮಿನುಗುವ ಕಬ್ಬಿಣ–ನಿಕಲ್ ಚೂರುಗಳು. ಆ ಗುಂಡುಗಳು ಕಾಂಡ್ರೂಲ್‌ಗಳು. ಅವುಗಳಿರುವ ಕಲ್ಲು ಕಾಂಡ್ರೈಟ್. ಎಳೆಯ ಸೂರ್ಯನ ಸುತ್ತಲಿನ ದೂಳು ಕರಗಿ ಹೆಪ್ಪುಗಟ್ಟಿದ ಹನಿಗಳವು, ಸುಮಾರು 456 ಕೋಟಿ ವರ್ಷ ಹಳೆಯವು. 1956ರಲ್ಲಿ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದು ಹೇಳಿದ್ದು ಉಲ್ಕಾಶಿಲೆಗಳಲ್ಲಿದ್ದ ಸೀಸವನ್ನು ಅಳೆದೇ. ಕೊಳ್ಳಿಯ ಹಾಗೆ ಪೂರ್ತಿ ಬೆಂದಿದ್ದರೆ ಈ ಲೆಕ್ಕ ಎಲ್ಲಿ ಸಿಗುತ್ತಿತ್ತು?

ಬಿದ್ದ ಊರಿನ ಹೆಸರೇ ಕಲ್ಲಿಗೆ ಹೆಸರು. 1865ರ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದದ್ದು ಮಂಗಳನ ತುಣುಕೆಂದು ತಿಳಿಯಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಅಂಥ ಮಂಗಳಶಿಲೆಗಳ ಬಳಗಕ್ಕೆಲ್ಲ ಈಗ ಶೆರ್ಗಾಟೈಟ್ ಎಂದೇ ಹೆಸರು. ತಿಂಗಳು ತುಂಬುವುದರೊಳಗೆ, ಸೆಪ್ಟೆಂಬರ್ 21ರಂದು, ನಮ್ಮ ಮದ್ದೂರಿನಲ್ಲೂ ಒಂದು ಕಲ್ಲು ಬಿತ್ತು. ಕಬ್ಬಿಣ ಕಡಿಮೆಯಿರುವ ಎಲ್ ವರ್ಗದ ಕಾಂಡ್ರೈಟ್ ಅದು. ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಅದು ‘ಮುದ್ದೂರ್’ ಆಗಿ ಕೂತಿದೆ. ಕನ್ನಡದಲ್ಲಿ ಅದನ್ನು ಮದ್ದೂರು ಉಲ್ಕಾಶಿಲೆ ಎಂದೇ ಬರೆಯಬೇಕು.